ಅತ್ತೆ ಭಾಗಿಸಿದ ಏಳು ಕೋಟಿ ಚಿಲ್ಲರೆ

ಪ್ರತಿಯೊಬ್ಬರಿಗೂ ಬೇರೆಯವರಿಗೆ ತೋರಿಸದೆ ಇರಲಾಗದಂಥ ಒಂದು ವಸ್ತು ಇರುತ್ತದೆ. ಕೆಲವರಿಗೆ ಮೊಮ್ಮಗುವಿನ ಫೋಟೋ, ಕೆಲವರಿಗೆ ತಾವು ಕಟ್ಟಿಸಿದ ಮನೆಯ ಮಾಡ್ಯುಲರ್ ಅಡುಗೆಮನೆ. ನಮ್ಮ ಶಾಲೆಯ ಗುಮಾಸ್ತರೊಬ್ಬರು ತಮ್ಮ ಮೂತ್ರಪಿಂಡದ ಕಲ್ಲನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಜೇಬಿನಲ್ಲೇ ತಿರುಗುತ್ತಿದ್ದರು. ಊಟದ ಹೊತ್ತಿಗೆ ಅದನ್ನು ಮೇಜಿನ ಮೇಲಿಟ್ಟು, "ಇದು ಒಳಗೆ ಇತ್ತು ಅಂದ್ರೆ ನಂಬ್ತೀರಾ?" ಎಂದು ಕೇಳುತ್ತಿದ್ದರು. ನಾವೆಲ್ಲ ಮೊಸರನ್ನದ ಡಬ್ಬಿಗೆ ಮುಚ್ಚಳ ಹಾಕಿ ನಂಬುತ್ತಿದ್ದೆವು. ನನ್ನ ಹತ್ತಿರ ಇಂಥದ್ದೊಂದೂ ಇಲ್ಲ. ನನ್ನ ಹತ್ತಿರ ಇರುವುದು ಒಂದು ಸಂಖ್ಯೆ. ಆದರೆ ಅದನ್ನು ತೋರಿಸುವ ಚಟದಲ್ಲಿ ನಾನು ಆ ಗುಮಾಸ್ತರಿಗಿಂತ ಕೆಟ್ಟವನು ಎಂದು ನನ್ನ ಹೆಂಡತಿ ಸುಮಿತ್ರಾಳ ಅಭಿಪ್ರಾಯ. ಅವರ ಕಲ್ಲು ಕೊನೆಗೊಂದು ದಿನ ಕಳೆದುಹೋಯಿತಂತೆ. ನನ್ನ ಸಂಖ್ಯೆ ಕಳೆದುಹೋಗುವ ಜಾತಿಯದಲ್ಲ.

ನಾನು ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು. ನಿವೃತ್ತಿಗೆ ಇನ್ನು ಮೂರು ವರ್ಷ ಇದೆ. ಕಳೆದ ವರ್ಷ ಒಂದು ತರಬೇತಿಗೆ ಹೋಗಿದ್ದಾಗ, ಪಕ್ಕದ ಕುರ್ಚಿಯ ಮೇಷ್ಟ್ರು ನಿದ್ದೆ ತಡೆಯಲಾರದೆ ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಸಂಖ್ಯೆ ಬರೆದರು: ೭೩೯೩೯೧೩೩. "ಇದರ ಬಾಲ ಒಂದೊಂದೇ ಕತ್ತರಿಸ್ತಾ ಹೋಗಿ" ಎಂದು ಹೇಳಿ ಅವರು ನಿದ್ದೆಗೆ ಶರಣಾದರು. ನನ್ನ ನಿದ್ದೆ ಹೋಯಿತು. ಅವಿಭಾಜ್ಯ ಸಂಖ್ಯೆ ಎಂದರೆ ಗೊತ್ತಲ್ಲ, ಒಂದರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಹಟಮಾರಿ. ಈ ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು ಅಂಥದ್ದೊಂದು. ಅದರ ಕೊನೆಯ ಅಂಕಿ ಅಳಿಸಿದರೆ ಉಳಿಯುವ ೭೩೯೩೯೧೩ ಕೂಡ ಅವಿಭಾಜ್ಯವೇ. ಮತ್ತೆ ಅಳಿಸಿ, ೭೩೯೩೯೧. ಅದೂ ಹಾಗೆಯೇ. ೭೩೯೩೯, ೭೩೯೩, ೭೩೯, ೭೩, ಕೊನೆಗೆ ಒಂಟಿ ೭. ಎಲ್ಲವೂ ಅವಿಭಾಜ್ಯ. ಹೀಗೆ ಬಲಗಡೆಯಿಂದ ಕೊನೆಯವರೆಗೂ ಕತ್ತರಿಸಿಕೊಂಡು ಬಂದರೂ ಜಗ್ಗದ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದಕ್ಕಿಂತ ದೊಡ್ಡದು ಇಲ್ಲವೇ ಇಲ್ಲ. ಸಂಖ್ಯೆಗಳಿಗೆ ಕೊನೆಯಿಲ್ಲ ಎಂದು ಮಕ್ಕಳಿಗೆ ಇಪ್ಪತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದವನಿಗೆ, ಇಲ್ಲೊಂದು ಕಡೆ ಕೊನೆಯಿದೆ ಎಂದು ಗೊತ್ತಾದರೆ ಹೇಗಾಗಬೇಡ? ಅವತ್ತಿನಿಂದ ನಾನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ.

ಸ್ಟಾಫ್ ರೂಮಿನಲ್ಲಿ ಹೇಳಿದೆ. ದೈಹಿಕ ಶಿಕ್ಷಣದ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಆಯ್ತು ಸರ್, ಇದರಿಂದ ಏನು ಉಪಯೋಗ?" ಎಂದರು. ಕಬಡ್ಡಿಯಿಂದ ಏನು ಉಪಯೋಗ ಎಂದು ನಾನು ಕೇಳಿದೆ. ಎರಡು ದಿನ ನಮ್ಮಿಬ್ಬರಿಗೂ ಮಾತಿರಲಿಲ್ಲ. ಇಡೀ ಶಿಕಾರಿಪುರದಲ್ಲಿ ನನ್ನ ಸಂಖ್ಯೆಯನ್ನು ಮನಸಾರೆ ಸ್ವಾಗತಿಸಿದವರು ಹನುಮಂತಪ್ಪ ಒಬ್ಬರೇ. ನಮ್ಮ ಹಿಂದಿನ ಬೀದಿಯವರು, ಕುರಿ ಸಾಕಿದ್ದಾರೆ, ಮೈಲಾರಲಿಂಗನ ಒಕ್ಕಲು. ಒಂದು ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಸಿಕ್ಕಿದರು. "ಹನುಮಂತಪ್ಪ, ಒಂದು ಸಂಖ್ಯೆ ಹೇಳ್ತೀನಿ ಕೇಳಿ. ಏಳು ಕೋಟಿ…" ಎಂದೆ ಅಷ್ಟೇ. ಅವರು ಹಾಲಿನ ಪ್ಯಾಕೆಟ್ಟನ್ನು ಎತ್ತಿ ಹಿಡಿದು, "ಏಳ್ಕೋಟಿ ಏಳ್ಕೋಟಿ ಏಳ್ಕೋಟಿಗೋ!" ಎಂದು ಮೈಲಾರನ ಜೈಕಾರವನ್ನು ಬೀದಿ ತುಂಬ ಕೂಗಿದರು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ಇಳಿದು ಕೈಮುಗಿದರು. ಮೂವತ್ತೊಂಬತ್ತು ಲಕ್ಷ ನನ್ನ ಗಂಟಲಲ್ಲೇ ಉಳಿಯಿತು. ಆಮೇಲೆ ನಿಧಾನವಾಗಿ ವಿವರಿಸಿದೆ. ಅವರು ತಲೆದೂಗಿ, "ಅಂದ್ರ, ಬಾಲ ಕತ್ತರಿಸಿದ್ರೂ ಕುರಿ ಕುರಿನ ಅಂತೀರಿ. ಕಡೀಕ ಉಳಿಯೂದು ಏಳು. ಸರಿ ಐತಲ್ರಿ ಮೇಷ್ಟ್ರೇ, ಇದರಾಗ ಆಶ್ಚರ್ಯ ಏನೈತಿ? ಅದು ನಮ್ ದೇವರ ಲೆಕ್ಕ" ಎಂದರು. ಅವಿಭಾಜ್ಯ ಸಂಖ್ಯೆಗೆ ಇಷ್ಟು ಬೇಗ ಒಪ್ಪಿಗೆ ಸಿಕ್ಕಿದ್ದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹೆಂಡತಿಯ ತವರು ಸೊರಬ. ಅವಳ ತಮ್ಮ ಪ್ರಕಾಶ ಅಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮೊಮ್ಮಗನ ನಾಮಕರಣಕ್ಕೆ ನಾವಿಬ್ಬರೂ ಹೊರಟೆವು. ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೆ ಸುಮಿತ್ರಾ ಸೀರೆಯ ವಿಷಯ ಮಾತಾಡಿದಳು. ಶಿರಾಳಕೊಪ್ಪದಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಾಗ ನನ್ನ ಕಡೆ ತಿರುಗಿ, "ರೀ, ಒಂದು ಮಾತು ಕೊಡಿ. ಅಲ್ಲಿ ನೂರು ಜನ ಬಂದಿರ್ತಾರೆ. ಆ ನಿಮ್ಮ ಸಂಖ್ಯೆಯನ್ನ ಬಾಯಲ್ಲಿ ಹೇಳಬಾರದು" ಎಂದಳು. ಮಗುವಿನ ಹೆಸರಿಗಿಂತ ಮುಂಚೆ ನನ್ನ ಸಂಖ್ಯೆಯ ಹೆಸರು ಎಲ್ಲರ ಕಿವಿಗೆ ಬಿದ್ದೀತು ಎಂದು ಅವಳ ಭಯ. ಬಾಯಲ್ಲಿ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಗಣಿತದವರು ಮಾತು ಕೊಡುವಾಗ ಪ್ರತಿ ಪದವನ್ನೂ ತೂಗಿ ನೋಡಿರುತ್ತಾರೆ ಎಂಬುದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಅವಳಿಗೆ ಹೊಳೆಯಬೇಕಿತ್ತು.

ನಮ್ಮ ಅತ್ತೆ ಶಾರದಮ್ಮ ಪ್ರಕಾಶನ ಜೊತೆಗೇ ಇದ್ದಾರೆ. ಎಪ್ಪತ್ತೆಂಟು ವರ್ಷ. ಚಂದ್ರಗುತ್ತಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಟೀಚರಾಗಿದ್ದವರು. ಮೂವತ್ತರವರೆಗೆ ಮಗ್ಗಿ ಬಾಯಿಪಾಠ. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಯೂ ಬರುತ್ತದೆ. ನಾನು ಹೈಸ್ಕೂಲು ಮೇಷ್ಟ್ರು, ಅವರು ಪ್ರೈಮರಿ ಟೀಚರು ಎಂಬ ಒಂದು ಸಣ್ಣ ಜಂಬ ಮದುವೆಯಾದಾಗ ನನಗಿತ್ತು. ಅವರು ಅದನ್ನು ಮೊದಲ ವರ್ಷವೇ ಗಮನಿಸಿ, ಅವತ್ತಿನಿಂದ ಯಾವ ಹಬ್ಬಕ್ಕೆ ಹೋದರೂ ಊಟದ ಮಧ್ಯೆ, "ಅಳಿಯಂದಿರೇ, ಹದಿನೇಳು ಮುಕ್ಕಾಲು ಎಷ್ಟು?" ಎಂದು ಕೇಳುತ್ತಾರೆ. ನಾನು ಲೆಕ್ಕ ಹಾಕಿ ಮುಗಿಸುವುದರೊಳಗೆ ಎಲೆಯ ಮೇಲೆ ಎರಡನೇ ಹೋಳಿಗೆ ಬಿದ್ದಿರುತ್ತದೆ. ನನ್ನ ಸಂಖ್ಯೆಯನ್ನು ತೋರಿಸಲೇಬೇಕಾದ ಒಂದು ಜೀವ ಈ ಭೂಮಿಯ ಮೇಲಿದ್ದರೆ ಅದು ನಮ್ಮ ಅತ್ತೆ.

ಊಟ ಮುಗಿಯಿತು. ಗಂಡಸರು ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾದರು. ಹೆಂಗಸರು ತೊಟ್ಟಿಲ ಸುತ್ತ ಸೇರಿದರು. ನಾನು ಯಾವುದೋ ಮದುವೆ ಕಾಗದದ ಲಕೋಟೆಯ ಹಿಂಭಾಗದಲ್ಲಿ ಕನ್ನಡ ಅಂಕಿಗಳಲ್ಲೇ, ಮುದ್ದಾಗಿ, ನನ್ನ ಸಂಖ್ಯೆಯನ್ನು ಬರೆದೆ. ತೆಗೆದುಕೊಂಡು ಹೋಗಿ ಅತ್ತೆಯ ಕೈಗಿಟ್ಟೆ. ಬಾಯಿ ಬಿಟ್ಟು ಒಂದು ಅಂಕಿಯನ್ನೂ ಹೇಳಲಿಲ್ಲ.

"ಇದೆಂತದು?" ಎಂದರು.

"ಇದನ್ನ ಶೇಷ ಬರದ ಹಾಗೆ ಯಾವುದರಿಂದಾದರೂ ಭಾಗಿಸಿ ನೋಡೋಣ ಅತ್ತೆ."

"ಭಾಗಿಸಿದ್ರೆ?"

"ನೀವು ಹೇಳಿದ ಹಾಗೆ ಕೇಳ್ತೀನಿ."

"ಹಂಗಾರೆ ಇಷ್ಟೂ ಜನದ ಎದುರು ನಿಂತ್ಕಂಡು ಇಪ್ಪತ್ತೊಂಬತ್ತರ ಮಗ್ಗಿ ಹೇಳ್ಬೇಕು. ಕೈ ಕಟ್ಕಂಡು."

ಒಪ್ಪಿದೆ. ಸೋಲುವ ಪ್ರಶ್ನೆಯೇ ಇರಲಿಲ್ಲವಲ್ಲ. ಅವರು ಲಕೋಟೆಯನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, "ಇಲ್ಲಿ ಬೆಳಕು ಸಾಲದು" ಎಂದು ಜಗಲಿಗೆ ಹೋಗಿ ಬಿಸಿಲಿಗೆ ಒಡ್ಡಿ ನೋಡಿದರು. ಓಟ ಶುರುಮಾಡುವ ಮುಂಚೆ ಆಟಗಾರರು ಕೈಕಾಲು ಆಡಿಸುವುದಿಲ್ಲವೇ, ಅಂಥದ್ದೇ ಏನೋ ಎಂದುಕೊಂಡು ನಾನು ಚಾಪೆಯ ಮೇಲೆ ಮಲಗಿ ಸುಖವಾಗಿ ನಿದ್ದೆ ಹೋದೆ.

ನಾಲ್ಕು ಗಂಟೆಯ ಕಾಫಿಗೆ ಎಬ್ಬಿಸಿದ್ದು ಅತ್ತೆಯ ದನಿಯೇ. ಜಗಲಿಯಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹಿಡಿದುಕೊಂಡು ಬಂದಿದ್ದರು. ಅದರ ಹಿಂಬದಿ ಪೂರ್ತಿ ಪೆನ್ಸಿಲಿನ ಭಾಗಾಕಾರ. "ಅಳಿಯಂದಿರೇ, ಎರಡರಲ್ಲಿ ಹೋಗ್ಲಿಲ್ಲ, ಮೂರರಲ್ಲಿ ಹೋಗ್ಲಿಲ್ಲ, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು, ಯಾವುದರಲ್ಲೂ ಹೋಗ್ಲಿಲ್ಲ. ಗಟ್ಟಿ ಸಂಖ್ಯೆ ಕೊಟ್ಟಿದ್ದೀರಿ. ಆದ್ರೆ ಇಪ್ಪತ್ತಮೂರರಲ್ಲಿ ಹೋಗ್ತದೆ ನೋಡಿ. ಶೇಷ ಸೊನ್ನೆ."

ನಾನು ನಕ್ಕೆ. ಎದ್ದು ಹಾಳೆ ನೋಡಿದೆ. ನಗು ನಿಂತಿತು. ಹಂತ ಹಂತವಾಗಿ, ಇಪ್ಪತ್ತಮೂರರ ಮಗ್ಗಿಯ ಒಂದೊಂದು ಮೆಟ್ಟಿಲನ್ನೂ ಇಳಿದು, ಕೊನೆಯಲ್ಲಿ ದುಂಡಗೆ ಒಂದು ಸೊನ್ನೆ ಕೂತಿತ್ತು. ಅದರ ಸುತ್ತ ಅವರು ಇನ್ನೊಂದು ಸೊನ್ನೆ ಸುತ್ತಿದ್ದರು. ಕಳೆಯುವುದರಲ್ಲಿ ತಪ್ಪಿದೆಯೇ ಎಂದು ಮೂರು ಸಲ ಕೆಳಗಿನಿಂದ ನೋಡಿಕೊಂಡು ಬಂದೆ. ಇರಲಿಲ್ಲ. ತರಬೇತಿಯಲ್ಲಿ ನಿದ್ದೆ ಮಾಡಿದ ಆ ಮೇಷ್ಟ್ರ ಮೇಲೆ ಬಂದ ಕೋಪಕ್ಕೆ ಮಿತಿಯಿಲ್ಲ. ವರ್ಷವಿಡೀ ಊರಿಗೆಲ್ಲ ಸುಳ್ಳು ಹೇಳಿಕೊಂಡು ತಿರುಗಿದೆನಲ್ಲ! ಕಬಡ್ಡಿ ಮೇಷ್ಟ್ರ ಮುಖ ಕಣ್ಣ ಮುಂದೆ ಬಂತು.

"ಎದ್ದು ನಿಲ್ಲಿ ಭಾವ" ಎಂದ ಪ್ರಕಾಶ. ಅವನಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ಮೊಮ್ಮಗ ಹುಟ್ಟಿದಾಗಲೂ ಆಗಿರಲಿಲ್ಲವೇನೋ. ಮಲಗಿದ್ದವರೆಲ್ಲ ಎದ್ದು ಕೂತರು. ಅಡುಗೆಮನೆಯಿಂದಲೂ ಜನ ಬಂದರು. ನಾನು ಕೈ ಕಟ್ಟಿ ನಿಂತೆ. ಇಪ್ಪತ್ತೊಂಬತ್ತೊಂದ್ಲ ಇಪ್ಪತ್ತೊಂಬತ್ತು, ಇಪ್ಪತ್ತೊಂಬತ್ತೆರಡ್ಲ ಐವತ್ತೆಂಟು. ಆರರವರೆಗೆ, ಅಂದರೆ ನೂರ ಎಪ್ಪತ್ತನಾಲ್ಕರವರೆಗೆ, ಗೌರವದಿಂದಲೇ ತಲುಪಿದೆ. ಏಳಕ್ಕೆ ಬಂದಾಗ ಯಾರೋ ಕಾಫಿ ಲೋಟ ಕೈಗಿಟ್ಟರು, ಗಮನ ತಪ್ಪಿತು, "ಇನ್ನೂರ ಹದಿಮೂರು" ಎಂದುಬಿಟ್ಟೆ.

"ಇನ್ನೂರ ಮೂರು" ಎಂದರು ಅತ್ತೆ, ಬಹಳ ಮೃದುವಾಗಿ.

ಆ ನಗುವಿಗೆ ಮಗು ಎದ್ದು ಅಳಲು ಶುರುಮಾಡಿತು. ಎಂಟರಿಂದ ಮುಂದಕ್ಕೆ ನಾನು ಮಗ್ಗಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹೊರಡುವಾಗ ಅತ್ತೆ ಲಕೋಟೆಯನ್ನೂ ಆ ಕ್ಯಾಲೆಂಡರ್ ಹಾಳೆಯನ್ನೂ ಮಡಚಿ ನನ್ನ ಜೇಬಿಗೆ ತುರುಕಿ, "ಇಟ್ಕಳಿ, ನಿಮ್ಮ ಶಾಲೆ ಗೋಡೆಗೆ ಹಚ್ಚಿ" ಎಂದರು.

ಬಸ್ಸಿನಲ್ಲಿ ಸುಮಿತ್ರಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ಅವಳ ಭುಜ ಅಲುಗುತ್ತಿದ್ದುದು ರಸ್ತೆಯ ಗುಂಡಿಗಳಿಂದಲ್ಲ ಎಂದು ನನಗೆ ಗೊತ್ತಿತ್ತು. ನಾನು ಸುಮ್ಮನೆ ಮೊಬೈಲ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ನನ್ನ ಸಂಖ್ಯೆಯನ್ನು ಒತ್ತಿ ಇಪ್ಪತ್ತಮೂರರಿಂದ ಭಾಗಿಸಿದೆ. ಉತ್ತರದಲ್ಲಿ ಒಂದು ಚುಕ್ಕಿ ಬಂತು. ಚುಕ್ಕಿಯ ಆಚೆ ಅಂಕಿಗಳ ಸಾಲು. ಮತ್ತೆ ಒತ್ತಿದೆ. ಮತ್ತೆ ಚುಕ್ಕಿ. ಜೇಬಿನ ಪೆನ್ನು ತೆಗೆದು ಕುಲುಕಾಟದಲ್ಲೇ ಅಂಗೈ ಮೇಲೆ ಭಾಗಿಸಿದೆ. ಶೇಷ ಇಪ್ಪತ್ತೊಂದು! ನನ್ನ ಸಂಖ್ಯೆ ಮುರಿದಿರಲಿಲ್ಲ. ಹಾಗಾದರೆ ಅತ್ತೆಯ ಸೊನ್ನೆ ಎಲ್ಲಿಂದ ಬಂತು? ಹಾಳೆ ಬಿಡಿಸಿದೆ. ಮನೆಯಲ್ಲಿ ನಾನು ಕೆಳಗಿನಿಂದ ಮೇಲಕ್ಕೆ ಎಲ್ಲ ಹಂತ ನೋಡಿದ್ದೆ, ತುತ್ತತುದಿಯ ಸಾಲೊಂದನ್ನು ಬಿಟ್ಟು. ಮಕ್ಕಳ ಉತ್ತರಪತ್ರಿಕೆಯಲ್ಲೂ ಪ್ರಶ್ನೆಯನ್ನು ಸರಿಯಾಗಿ ಬರೆದುಕೊಂಡಿದ್ದಾರೆಯೇ ಎಂದು ನಾನು ನೋಡಿದವನಲ್ಲ. ಅಲ್ಲಿ ಅತ್ತೆ ಬರೆದುಕೊಂಡಿದ್ದು ೭೩೬೩೬೧೩೩. ಎರಡು ಒಂಬತ್ತುಗಳಿದ್ದ ಕಡೆ ಎರಡು ಆರು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಸಣ್ಣದೊಂದು ಕೊಂಡಿ ಯಾವ ಕಡೆ ತಿರುಗಿದೆ ಎನ್ನುವಷ್ಟೇ ವ್ಯತ್ಯಾಸ.

"ಗೆದ್ದೆ!" ಎಂದು ಕೂಗಿದೆ. ಕಂಡಕ್ಟರ್ ತಿರುಗಿ ನೋಡಿದರು. "ಸುಮಿತ್ರಾ, ನಿಮ್ಮಮ್ಮ ನನ್ನ ಸಂಖ್ಯೆ ಭಾಗಿಸಿಲ್ಲ, ಬೇರೆ ಯಾವುದನ್ನೋ ಭಾಗಿಸಿದ್ದಾರೆ! ಶಿರಾಳಕೊಪ್ಪದಲ್ಲಿ ಇಳಿದು ವಾಪಸ್ ಹೋಗೋಣ. ಜನ ಇನ್ನೂ ಅಲ್ಲೇ ಇರ್ತಾರೆ."

ಅವಳು ಎರಡೂ ಕಾಗದ ಕೈಗೆ ತೆಗೆದುಕೊಂಡಳು. ಮೊದಲು ನಕ್ಕಳು. ಆಮೇಲೆ ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಸುಮಾರು ಹೊತ್ತು ನೋಡಿದಳು. "ಎರಡು ಕಡೆನೂ ತಪ್ಪಿದಾಳಲ್ರೀ" ಎಂದಳು. ಅವಳ ದನಿ ಬದಲಾಗಿತ್ತು. "ಬೆಳಿಗ್ಗೆ ತೊಟ್ಟಿಲ ಹತ್ರ ಏನಾಯ್ತು ಗೊತ್ತಾ? ಮಗುದು ಥೇಟ್ ಅಜ್ಜನ ಮೂಗು ಅಂತ ಅಮ್ಮ ಎಷ್ಟು ಹೊತ್ತು ಹೊಗಳಿದ್ಲು. ಮಗು ಪ್ರಕಾಶನ ಹೆಂಡತಿ ಕೈಲಿತ್ತು. ತೊಟ್ಟಿಲಲ್ಲಿ ಇದ್ದದ್ದು ದಿಂಬು. ತಮಾಷೆಗೆ ಹಾಗಂದ್ಲು ಅಂತ ನಾವೆಲ್ಲ ನಕ್ಕುಬಿಟ್ವಿ."

ಬಸ್ಸು ಶಿರಾಳಕೊಪ್ಪಕ್ಕೆ ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ನಾವು ಇಳಿಯಲಿಲ್ಲ. ಕಳೆದ ವರ್ಷ ಊರಿನಲ್ಲಿ ಕಣ್ಣು ಪರೀಕ್ಷೆಯ ಶಿಬಿರ ನಡೆದಾಗ ಪ್ರಕಾಶ ಅಮ್ಮನನ್ನು ಕರೆದುಕೊಂಡು ಹೋಗಿದ್ದ. "ಬೋರ್ಡಿನ ಕೊನೇ ಸಾಲಿನವರೆಗೂ ಓದಿದ್ರು, ಏನೂ ತೊಂದರೆ ಇಲ್ಲ" ಎಂದು ಫೋನಿನಲ್ಲಿ ಹೇಳಿದ್ದ. ಹಾಗೆ ಓದಿದವರಿಗೆ ಬಿಸಿಲಲ್ಲಿ ಹಿಡಿದರೂ ಒಂಬತ್ತು ಕಾಣದೆ ಹೋದದ್ದು ಹೇಗೆ?

"ಈಗ ಹೇಳಿ, ನಿಮಗೆ ಗೆದ್ದಿದ್ದು ಮುಖ್ಯನಾ, ನಮ್ಮಮ್ಮನ ಕಣ್ಣಾ?" ಎಂದು ಸುಮಿತ್ರಾ ಕೇಳಿದಳು. ಕಣ್ಣು ಎಂದು ನಾನು ಹೇಳಿದೆ. ಆದರೆ ಹೇಳುವ ಮುಂಚೆ ಸ್ವಲ್ಪ ತಡವಾಯಿತು. ಆ ತಡವನ್ನು ಅವಳು ಗಮನಿಸಿದಳು. ಇಂದಿಗೂ ಆಗಾಗ ಜ್ಞಾಪಿಸುತ್ತಾಳೆ.

ವಾರವಿಡೀ ನಾವಿಬ್ಬರೂ ಉಪಾಯ ಹುಡುಕಿದೆವು. "ನಿಮಗೆ ಕಣ್ಣು ಕಾಣುವುದಿಲ್ಲ" ಎಂದು ನೇರವಾಗಿ ಹೇಳಿದರೆ ಅತ್ತೆ ಕೇಳುವವರಲ್ಲ. ಹೇಳಿದವರ ಕಿವಿಯನ್ನೇ ಪರೀಕ್ಷೆ ಮಾಡಿಸಿ ಎಂದಾರು. ಕೊನೆಗೆ, ತಪ್ಪು ನನ್ನ ಕೈಬರಹದ್ದು ಎಂದು ನಾನೇ ಹೊತ್ತುಕೊಳ್ಳುವುದು, ಆಮೇಲೆ ಮೆಲ್ಲಗೆ ಮಾತು ಬೆಳೆಸಿ, ನನ್ನ ಕನ್ನಡಕ ಬದಲಾಯಿಸಬೇಕು, ಜೊತೆಗೆ ಬನ್ನಿ ಎಂದು ಅವರನ್ನು ಶಿವಮೊಗ್ಗಕ್ಕೆ ಹೊರಡಿಸುವುದು ಎಂದು ತೀರ್ಮಾನವಾಯಿತು. ಬಹಳ ಸೊಗಸಾದ ಯೋಜನೆ ಎಂದು ನನಗೆ ಅನಿಸಿತ್ತು. ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸವನ್ನೂ ಮಾಡಿದೆ. ಮುಂದಿನ ಭಾನುವಾರ ಸೊರಬಕ್ಕೆ ಹೋದೆವು. ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನೋಡಿಕೊಂಡಲ್ಲ, ಬೆರಳಿನಲ್ಲಿ ಮುಟ್ಟಿಕೊಂಡು. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಅತ್ತೆ, ಒಂದು ಸಣ್ಣ ತಪ್ಪಾಗಿದೆ" ಎಂದೆ.

"ಎಲ್ಲಿ? ನನ್ನ ಭಾಗಾಕಾರದಲ್ಲಾ?" ಅವರ ಕೈ ನಿಂತಿತು.

"ಅಯ್ಯೋ, ಅದರಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ನಾನೇ ಒಂಬತ್ತನ್ನ ಆರರ ಹಾಗೆ ಬರೆದುಬಿಟ್ಟಿದ್ದೆ. ನನ್ನ ಕೈಬರಹ ಹಾಗೇ ಅತ್ತೆ, ಮಕ್ಕಳೂ ಬೈತಾರೆ."

ಅತ್ತೆ ಕೈ ಒರೆಸಿಕೊಂಡು, "ಆ ಲಕೋಟೆ ತಂದಿದ್ದೀರಾ?" ಎಂದರು. ಕೊಟ್ಟೆ. ಅದನ್ನು ಅವರು ನೋಡಲೇ ಇಲ್ಲ. ನೇರವಾಗಿ ಮಗಳ ಕೈಗೆ ಕೊಟ್ಟರು. "ಸುಮಿ, ಓದೇ."

ಸುಮಿತ್ರಾ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲೇ ಆರು, ಆರು ಎಂದೆ. ಆದರೆ ಒಂದನೇ ತರಗತಿಯಿಂದ ನಾಲ್ಕನೆಯವರೆಗೆ ಅದೇ ತಾಯಿಯ ಕೈಯಲ್ಲಿ ಪಾಠ ಕಲಿತವಳು ಅವಳು. ಬೆನ್ನು ನೆಟ್ಟಗೆ ಮಾಡಿಕೊಂಡು, "ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು" ಎಂದು ಓದಿದಳು.

"ಸ್ಪಷ್ಟ ಇದ್ಯಾ?"

"ಇದೆ ಅಮ್ಮ."

"ಹಂಗಾರೆ ಬರೆದೋರದ್ದು ಸರಿ. ಓದಿದೋರದ್ದು ತಪ್ಪು." ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು. "ಅಳಿಯಂದಿರೇ, ನಿಮಗೆ ಸುಳ್ಳು ಹೇಳಕ್ಕೆ ಬರೋದಿಲ್ಲ. ನಿಮ್ಮ ಅಕ್ಷರ ಮುತ್ತು ಪೋಣಿಸಿದಂಗೆ ಇರ್ತದೆ ಅಂತ ಮದುವೆಗೆ ಮುಂಚೆ ನೀವು ಬರೆದ ಕಾಗದ ನೋಡಿದಾಗ್ಲೇ ನಾನು ಹೇಳಿದ್ದೆ. ನನಗೆ ಕಣ್ಣು ಕಾಣ್ತಿಲ್ಲ ಅಂತ ಹೇಳಕ್ಕೆ ಇಷ್ಟೆಲ್ಲ ಸುತ್ತು ಎಂತಕ್ಕೆ?"

ಒಳಗಿನಿಂದ ಪ್ರಕಾಶ ಬಂದ. "ಅಮ್ಮ, ಶಿಬಿರದಲ್ಲಿ ಬೋರ್ಡು ಪೂರ್ತಿ ಓದಿದ್ಯಲ್ಲ?"

"ಓದ್ಲಿಲ್ಲ ಕಣೋ. ನನ್ನ ಮುಂದಿನವಳು ಗಟ್ಟಿಯಾಗಿ ಓದಿದ್ಲು. ಅವಳ ಮುಂದಿನವನೂ ಓದಿದ್ದ. ಎರಡು ಸಲ ಕೇಳಿದ್ರೆ ನನಗೆ ಬಾಯಿಪಾಠ ಆಗ್ತದೆ. ನನ್ನ ಪಾಳಿ ಬಂದಾಗ ಒಪ್ಪಿಸ್ದೆ." ಪಕ್ಕದ ಮೊರದಿಂದ ಒಂದು ಕಾಯಿ ಎತ್ತಿ ಸುಲಿದರು. "ಮೂವತ್ತೆರಡು ವರ್ಷ ನಕಲು ಮಾಡ್ಬೇಡಿ, ಮಾಡ್ಬೇಡಿ ಅಂತ ಮಕ್ಕಳಿಗೆ ಹೇಳಿದೋಳು. ಎಪ್ಪತ್ತೇಳನೇ ವಯಸ್ಸಲ್ಲಿ ನಾನೇ ನಕಲು ಹೊಡೆದೆ."

ಯಾರಿಗೂ ನಗು ಬರಲಿಲ್ಲ. ಬಂದರೂ ನಗಬಹುದೋ ಬಾರದೋ ತಿಳಿಯಲಿಲ್ಲ. "ಯಾಕಮ್ಮ ಹಾಗೆ ಮಾಡ್ದೆ?" ಎಂದು ಸುಮಿತ್ರಾ ಕೇಳಿದಳು.

"ಹೆದರಿಕೆ ಕಣೇ. ಕಣ್ಣಿಗೆ ಕೈ ಹಾಕ್ತಾರೆ ಅಂದ್ರೆ ನನಗೆ ಜೀವ ಹೋದಂಗೆ ಆಗ್ತದೆ. ಏನಾದ್ರೂ ಹೆಚ್ಚುಕಮ್ಮಿ ಆಗಿ ಇರೋದೂ ಹೋದ್ರೆ? ಮಬ್ಬಾದ್ರೂ ಒಂದಿಷ್ಟು ಕಾಣ್ತದಲ್ಲ, ಹೀಗೇ ನಡ್ಕಂಡು ಹೋಗ್ತದೆ ಅಂದ್ಕಂಡಿದ್ದೆ." ಆಮೇಲೆ ನನ್ನ ದನಿ ಬಂದ ಕಡೆ ತಿರುಗಿದರು. "ಆದ್ರೆ ತಪ್ಪು ಲೆಕ್ಕ ಮಾಡಿ, ಗೆದ್ದೆ ಅಂತ ನೂರು ಜನದ ಎದುರು ನಿಮ್ಮ ಹತ್ರ ಮಗ್ಗಿ ಹೇಳಿಸ್ದೆನಲ್ಲ, ಅದು ಸರಿ ಅಲ್ಲ. ಅದಕ್ಕೆ ನನಗೆ ಏನು ಶಿಕ್ಷೆ ಹೇಳಿ."

ಆ ಹೊತ್ತಿಗೆ ನನ್ನ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದು ನಿಜವಾಗಿಯೂ ನನಗೆ ಮರೆತುಹೋಗಿತ್ತು. ಸುಮಿತ್ರಾ ಇದನ್ನು ಇವತ್ತಿಗೂ ನಂಬುವುದಿಲ್ಲ. "ಶಿವಮೊಗ್ಗಕ್ಕೆ ಬಂದು ಕಣ್ಣು ತೋರಿಸ್ಬೇಕು ಅತ್ತೆ. ಈ ಸಲ ಬೋರ್ಡು ಓದೋದಕ್ಕೆ ನಿಮ್ಮ ಮುಂದೆ ಯಾರೂ ಇರಬಾರದು" ಎಂದೆ.

"ಆಯ್ತು. ಆದ್ರೆ ನಾನು ಬರೋವರೆಗೆ ಆ ಲೆಕ್ಕ ಯಾರೂ ಮುಟ್ಟಬಾರದು. ಎರಡರಿಂದ ಮತ್ತೆ ಶುರು ಮಾಡ್ತೀನಿ."

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿನ ಆಪರೇಷನ್ ಆಯಿತು, ಸ್ವಲ್ಪ ಕಾಲ ಬಿಟ್ಟು ಎಡಗಣ್ಣಿನದು. ಮೊದಲ ದಿನ ಒಳಗೆ ಕರೆದುಕೊಂಡು ಹೋಗುವಾಗ ಅವರು ಸುಮಿತ್ರಾಳ ಕೈಯನ್ನು ಬಿಡಲಿಲ್ಲ. ತುಟಿ ಅಲುಗುತ್ತಿತ್ತು. ದೇವರ ನಾಮ ಹೇಳುತ್ತಿದ್ದಾರೆ ಎಂದುಕೊಂಡೆ. ಬಾಗಿಲ ಹತ್ತಿರ ಕಿವಿಗೊಟ್ಟರೆ ಇಪ್ಪತ್ತಮೂರರ ಮಗ್ಗಿ. ಮರುದಿನ ಪಟ್ಟಿ ಬಿಚ್ಚಿದಾಗ ನಾವೆಲ್ಲ ಮಂಚದ ಸುತ್ತ ನಿಂತಿದ್ದೆವು. ಅತ್ತೆ ಮಗನನ್ನು ನೋಡಿದರು, ಮಗಳನ್ನು ನೋಡಿ ಅವಳ ಕೆನ್ನೆ ಮುಟ್ಟಿದರು. ಅವಳು ಅತ್ತಳು. ಕೊನೆಗೆ ನನ್ನ ಕಡೆ ತಿರುಗಿ, ಬಹಳ ಹೊತ್ತು ದಿಟ್ಟಿಸಿ, "ಅಳಿಯಂದಿರೇ, ನಿಮಗೆ ಇಷ್ಟು ವಯಸ್ಸಾಗಿದ್ದು ಯಾವಾಗ?" ಎಂದರು.

ಈಗ 'ಎರಡರಿಂದ ಮತ್ತೆ ಶುರು' ಎಂಬುದು ನಡೆಯುತ್ತಿದೆ. ಇಪ್ಪತ್ತಮೂರಕ್ಕೆ ಬಂದ ದಿನ ಫೋನು ಮಾಡಿ, "ಶೇಷ ಇಪ್ಪತ್ತೊಂದು. ನೀವು ಸರಿ ಇದ್ರಿ" ಎಂದರು. ಎಲ್ಲಿಯವರೆಗೆ ಭಾಗಿಸಿ ನೋಡಬೇಕು ಎಂದು ಕೇಳಿದರು. ದೊಡ್ಡ ಭಾಜಕವಿದ್ದರೆ ಅದಕ್ಕೆ ಜೋಡಿಯಾಗಿ ಚಿಕ್ಕದೊಂದು ಇರಲೇಬೇಕಲ್ಲ, ಆದ್ದರಿಂದ ಎಂಟು ಸಾವಿರದ ಐನೂರ ತೊಂಬತ್ತೆಂಟರವರೆಗೆ ಸಾಕು ಎಂದೆ. ಅಷ್ಟರೊಳಗೆ ಸಾವಿರಕ್ಕೂ ಮಿಕ್ಕಿ ಅವಿಭಾಜ್ಯ ಸಂಖ್ಯೆಗಳಿವೆ, ಪುಸ್ತಕದಲ್ಲಿ ಎಲ್ಲ ಆಗಲೇ ಪರೀಕ್ಷೆಯಾಗಿದೆ, ಸುಮ್ಮನೆ ಕಷ್ಟಪಡಬೇಡಿ ಎಂದೂ ಹೇಳಿದೆ. "ಪುಸ್ತಕದೋರು ಒಂಬತ್ತನ್ನ ಆರು ಅಂತ ಓದಿಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದು ಫೋನಿಟ್ಟರು. ಸ್ನಾನ ಪೂಜೆ ಮುಗಿಸಿ ದಿನಕ್ಕೆ ಹತ್ತು ಭಾಗಾಕಾರ ಮಾಡುತ್ತಾರೆ. ಪ್ರಕಾಶನ ಅಂಗಡಿಯ ಹಳೆಯ ಕ್ಯಾಲೆಂಡರುಗಳೆಲ್ಲ ಖಾಲಿಯಾಗಿವೆಯಂತೆ.

ಇಷ್ಟಕ್ಕೇ ನಿಂತಿದ್ದರೆ ನಾನು ಸುಖಿ. ಹೋದ ವಾರ ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. "ಇದೇ ಕೊನೆಯದು ಅಂತೀರಲ್ಲ, ಇದರ ಬಲಗಡೆ ಇನ್ನೊಂದು ಅಂಕಿ ಸೇರಿಸಿದ್ರೆ ಎಂತಾಗ್ತದೆ?" ಕೊನೆಯಲ್ಲಿ ಒಂದು, ಮೂರು, ಏಳು, ಒಂಬತ್ತು ಇಷ್ಟನ್ನೇ ಸೇರಿಸಿ ನೋಡಬೇಕು, ಉಳಿದವು ಎರಡರಲ್ಲೋ ಐದರಲ್ಲೋ ಹೋಗಿಬಿಡುತ್ತವೆ ಎಂದೆ. ಅವರು ಫೋನಿನಲ್ಲೇ ಅಂಕಿಗಳನ್ನು ಕೂಡಿ, "ಒಂದು ಸೇರಿಸಿದ್ರೆ ಮೂವತ್ತೊಂಬತ್ತು, ಏಳು ಸೇರಿಸಿದ್ರೆ ನಲವತ್ತೈದು. ಎರಡೂ ಮೂರರಲ್ಲಿ ಹೋದ್ವು. ಇನ್ನೆರಡು?" ಎಂದರು. ಅವೂ ಒಡೆಯುತ್ತವೆ, ಆದರೆ ಯಾವುದರಲ್ಲಿ ಎಂದು ನನಗೆ ನೆನಪಿಲ್ಲ ಎಂದೆ. ನೆನಪಿಲ್ಲ ಎಂದದ್ದೇ ತಪ್ಪಾಯಿತು. "ಹಂಗಾರೆ ಒಂಬತ್ತು ಸೇರಿಸಿದ್ದು ನನಗೆ, ಮೂರು ಸೇರಿಸಿದ್ದು ನಿಮಗೆ. ಭಾನುವಾರದೊಳಗೆ ಮೊದಲ ಇಪ್ಪತ್ತು ಭಾಗಾಕಾರ ಮಾಡಿ ಕಳಿಸಿ. ಮೊಬೈಲಿನಲ್ಲಿ ಮಾಡ್ಬೇಡಿ. ಹಂತ ತೋರಿಸ್ಬೇಕು."

ನಾನು ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಹೋಂವರ್ಕ್ ಕೊಟ್ಟವನು. ಅದನ್ನು ಮಾಡದೆ ಬರುವುದಕ್ಕೆ ಎಷ್ಟು ಬಗೆಯ ನೆಪಗಳಿವೆ ಎಂದು ನನಗೆ ಗೊತ್ತು. ಹೊಟ್ಟೆನೋವು ಹೇಳಿದೆ, ಮೌಲ್ಯಮಾಪನದ ಕೆಲಸ ಹೇಳಿದೆ. ಭಾನುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಮೊಬೈಲಿನಲ್ಲೇ ಟಕಟಕ ಒತ್ತಿ, ಚುಕ್ಕಿಯ ಆಚೆಯ ಅಂಕಿಗಳನ್ನು ನೋಡಿ ಶೇಷವನ್ನು ಅಂದಾಜಿಗೆ ಬರೆದು, ನಡುವೆ ಹಂತಗಳಂತೆ ಕಾಣುವ ಒಂದಿಷ್ಟು ಅಂಕಿಗಳನ್ನು ತುಂಬಿ, ಫೋಟೋ ತೆಗೆದು ಪ್ರಕಾಶನ ವಾಟ್ಸಾಪಿಗೆ ಕಳಿಸಿದೆ. ಪ್ರಕಾಶ ಅದನ್ನು ಪ್ರಿಂಟ್ ತೆಗೆಸಿ ಅತ್ತೆಗೆ ಕೊಟ್ಟು, ತಿದ್ದಿದ ಮೇಲೆ ಮತ್ತೆ ಫೋಟೋ ತೆಗೆದಿದ್ದ; ಮಧ್ಯಾಹ್ನವೇ ಅದು ತಿರುಗಿ ಬಂತು. ಹದಿನೇಳರ ಭಾಗಾಕಾರದ ಸುತ್ತ ಕೆಂಪು ಶಾಯಿಯ ದೊಡ್ಡ ಸುತ್ತು. ಪಕ್ಕದಲ್ಲಿ ದುಂಡಾದ ಅಕ್ಷರಗಳಲ್ಲಿ ಹೀಗಿತ್ತು: "ಶೇಷ ೧೩ ಅಲ್ಲ, ೧೪. ಹಂತಗಳು ನಂಬುವಂತಿಲ್ಲ. ಎಲ್ಲೋ ನೋಡಿ ಬರೆದಂತಿದೆ. ಪುನಃ ಮಾಡಿ, ಮನೆಯವರ ಸಹಿ ಹಾಕಿಸಿ ತರತಕ್ಕದ್ದು."

ಸುಮಿತ್ರಾಳಿಗೆ ತೋರಿಸಬಾರದು ಎಂದುಕೊಂಡಿದ್ದೆ. ಆದರೆ ಪ್ರಕಾಶ ಅವಳಿಗೂ ಕಳಿಸಿದ್ದ. ಅವಳು ಒಗ್ಗರಣೆ ಕೆಳಗಿಳಿಸಿ, ಕೈ ತೊಳೆದುಕೊಂಡು ಬಂದು, ನನ್ನ ಜೇಬಿನಿಂದ ನನ್ನದೇ ಪೆನ್ನು ತೆಗೆದುಕೊಂಡಳು. ಮೇಜಿನ ಮೇಲಿದ್ದ ನನ್ನ ಹಾಳೆಯ ಕೆಳಗೆ ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದು, ದಿನಾಂಕ ಹಾಕಿ, ಸ್ವಲ್ಪ ಯೋಚಿಸಿ, ಸಹಿಯ ಮೇಲೆ ಒಂದು ಸಾಲು ಸೇರಿಸಿದಳು: "ವಿದ್ಯಾರ್ಥಿ ಮನೆಯಲ್ಲೂ ಹೀಗೇ."